ಉರಾಕ್, ಫೆನಿ ಮತ್ತು ಚೆಕ್‌ಪೋಸ್ಟ್: ಗೋವಾದ ಬಾಟಲಿ ಕೊಳ್ಳುವ ಮುಂಚೆ

ಮಾರ್ಚ್ ಬಂತು ಅಂದರೆ ವಾಸ್ಕೋ, ಮಡಗಾಂವ್, ಪಣಜಿಯಲ್ಲಿರುವ ಕನ್ನಡಿಗರಿಗೆ ಊರಿನಿಂದ ಫೋನ್ ಜಾಸ್ತಿಯಾಗುತ್ತದೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ಹುಬ್ಬಳ್ಳಿಯಿಂದ ಭಾವ ಬರುತ್ತಾರೆ, ಪುಣೆಯಿಂದ ಆಫೀಸಿನ ಗೆಳೆಯರು ಬರುತ್ತಾರೆ. ಬೀಚು, ಮೀನೂಟ, ರೂಮಿನ ಬಾಡಿಗೆ ಎಲ್ಲ ವಿಚಾರಿಸಿದ ಮೇಲೆ ದನಿ ತಗ್ಗಿಸಿ ಕೊನೆಯ ಪ್ರಶ್ನೆ: "ಚಲೋ ಫೆನಿ ಎಲ್ಲಿ ಸಿಗ್ತದಪ್ಪಾ? ಎರಡು ಬಾಟ್ಲಿ ಊರಿಗೆ ಒಯ್ಯಾಕ ಬರ್ತದೇನು?"

ಫೆನಿ ಅಂದರೆ ಗೋವಾದಲ್ಲಿ ಹೆಚ್ಚಾಗಿ ಗೇರು ಹಣ್ಣಿನಿಂದ ಇಳಿಸುವ ಮದ್ಯ. ಮೊದಲನೆಯದಕ್ಕೆ ಉತ್ತರ ಬೇಕಿದ್ದರೆ ಅದು ಹೇಗೆ ಆಗುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ಎರಡನೆಯದಕ್ಕೆ ಅಬಕಾರಿ ಕಾನೂನಿನ ಹತ್ತಿರ ಹೋಗಬೇಕು. ಎರಡನ್ನೂ ಬುಡದಿಂದಲೇ ನೋಡೋಣ.

ಹಣ್ಣಿನಿಂದ ಶುರು

ಕರಾವಳಿಯವರಿಗೆ ಗೇರು ಹಣ್ಣು ಗೊತ್ತು. ಬಯಲುಸೀಮೆಯವರಿಗೆ ಹೇಳುವುದಾದರೆ, ನಾವು ತಿನ್ನುವ ಗೋಡಂಬಿ ಈ ಹಣ್ಣಿನ ತುದಿಯಲ್ಲಿ ಹೊರಗೇ ನೇತಾಡುತ್ತಿರುತ್ತದೆ. ಹಣ್ಣು ಹಳದಿ ಇಲ್ಲವೇ ಕೆಂಪು. ಕಚ್ಚಿದರೆ ರಸ ಮೊಣಕೈವರೆಗೆ ಇಳಿಯುತ್ತದೆ. ಸಿಹಿ ಇದೆ, ಜೊತೆಗೆ ಗಂಟಲು ಹಿಡಿಯುವ ಒಗರೂ ಇದೆ. ಅಂಗಿಗೆ ತಾಗಿದರೆ ಕಲೆ ಹೋಗುವುದಿಲ್ಲ. ದಕ್ಷಿಣ ಕನ್ನಡ, ಉತ್ತರ ಕನ್ನಡದ ತೋಟಗಳಲ್ಲಿ ಹೆಚ್ಚಿನವರು ಬೀಜ ತಿರುವಿ ತೆಗೆದು ಹಣ್ಣನ್ನು ಮರದ ಬುಡದಲ್ಲೇ ಬಿಟ್ಟುಬಿಡುತ್ತಾರೆ. ಒಂದೆರಡು ದಿನದಲ್ಲೇ ಕೊಳೆಯುವ ಹಣ್ಣನ್ನು ಪೇಟೆಗೆ ಸಾಗಿಸುವುದು ಕಷ್ಟ. ಗೋವಾದವರು ಆ ಹಣ್ಣನ್ನು ಬಿಡಲಿಲ್ಲ.

ಗೇರು ಮರ ನಮ್ಮ ನೆಲದ್ದಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. ಅದಕ್ಕೂ ಮುಂಚೆ ಗೋವಾದಲ್ಲಿ ತೆಂಗಿನ ಕಳ್ಳನ್ನು ಭಟ್ಟಿ ಇಳಿಸುತ್ತಿದ್ದರು. ತೆಂಗಿನ ಫೆನಿ ಈಗಲೂ ಇದೆ, ಮುಖ್ಯವಾಗಿ ದಕ್ಷಿಣ ಗೋವಾದಲ್ಲಿ. ಆದರೆ ಬರೀ ಫೆನಿ ಅಂದರೆ ಈಗ ಬಹುತೇಕ ಎಲ್ಲರ ಮನಸ್ಸಿಗೂ ಬರುವುದು ಗೇರಿನದೇ.

ತುಳಿದು, ಹಿಂಡಿ, ಕಾಯಿಸಿ

ಫೆನಿಗೆ ಹಣ್ಣನ್ನು ಮರದಿಂದ ಕೀಳುವುದಿಲ್ಲ. ಪೂರ್ತಿ ಮಾಗಿ ತಾನಾಗಿ ಬಿದ್ದದ್ದನ್ನೇ ಆರಿಸುತ್ತಾರೆ. ಬೀಜ ತಿರುವಿ ತೆಗೆದು ಹಣ್ಣನ್ನು ಕೊಳಂಬಿಗೆ ಸುರಿಯುತ್ತಾರೆ. ಕೊಳಂಬಿ ಅಂದರೆ ಬಂಡೆಯಲ್ಲಿ ಕೊರೆದ ತೊಟ್ಟಿ. ಅದರಲ್ಲಿ ಇಳಿದು ಕಾಲಲ್ಲಿ ತುಳಿಯುತ್ತಾರೆ, ಇಲ್ಲವೇ ಈಗೀಗ ಯಂತ್ರದಲ್ಲಿ ಅರೆಯುತ್ತಾರೆ. ಹಾಗೆ ಬಂದ ರಸ ತೂತಿನಿಂದ ಹೊರಗೆ ಇಳಿಯುತ್ತದೆ.

ಉಳಿದ ಚರಟವನ್ನು ಗುಡ್ಡೆ ಮಾಡಿ, ಸುತ್ತಲೂ ಕಾಡುಬಳ್ಳಿ ಬಿಗಿದು, ಮೇಲೆ ಭಾರದ ಕಲ್ಲು ಹೇರುತ್ತಾರೆ. ರಾತ್ರಿಯೆಲ್ಲ ತೊಟ್ಟುತೊಟ್ಟಾಗಿ ತಿಳಿ ರಸ ಇಳಿಯುತ್ತದೆ. ಇದರ ಹೆಸರು ನೀರೊ. ಇದರಲ್ಲಿ ಅಮಲು ಇರುವುದಿಲ್ಲ, ಮಕ್ಕಳೂ ಕುಡಿಯಬಹುದು. ಆದರೆ ಬೇಗ ಕುಡಿಯಬೇಕು. ಬಿಸಿಲು ಏರಿದಂತೆ ಇದೂ ಹುಳಿಯಾಗಲು ಶುರುವಾಗುತ್ತದೆ. ಸೀಸನ್ನಿನಲ್ಲಿ ಗೋವಾಕ್ಕೆ ಬಂದವರು ತಪ್ಪಿಸಿಕೊಳ್ಳಬಾರದ ಪಾನೀಯ ನನ್ನ ಮಟ್ಟಿಗೆ ಇದೇ. ಊರಿಗೆ ಒಯ್ಯಲು ಆಗದ ಪಾನೀಯವೂ ಇದೇ.

ತುಳಿದು ಬಂದ ರಸವನ್ನು ಹಂಡೆಯಲ್ಲೋ ಡ್ರಮ್ಮಿನಲ್ಲೋ ಸುಮಾರು ಮೂರು ದಿನ ಬಿಡುತ್ತಾರೆ. ಸಕ್ಕರೆ ಹಾಕುವುದಿಲ್ಲ, ಹೊರಗಿನ ಯೀಸ್ಟ್ ಹಾಕುವುದಿಲ್ಲ. ಹಣ್ಣಿನ ಸಿಪ್ಪೆಯ ಮೇಲೆ, ಗಾಳಿಯಲ್ಲಿ ಇರುವ ಯೀಸ್ಟೇ ರಸದ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಡ್ರಮ್ಮಿಗೆ ಕಿವಿಗೊಟ್ಟರೆ ನೊರೆ ಬುಸುಗುಟ್ಟುವುದು ಕೇಳುತ್ತದೆ. ಸದ್ದು ನಿಂತ ಮೇಲೆ ರಸ ಭಟ್ಟಿಗೆ.

ಭಟ್ಟಿ ಇಳಿಸುವುದು ಅಂದರೇನು? ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಒಳಮೈಯಿಂದ ನೀರು ತೊಟ್ಟಿಕ್ಕುತ್ತದೆ ಅಲ್ವಾ? ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಮತ್ತೆ ನೀರಾಗಿದ್ದು. ಇಲ್ಲೂ ಅಷ್ಟೇ. ನೀರು ಕುದಿಯುವುದು 100 ಡಿಗ್ರಿಗೆ, ಆಲ್ಕೋಹಾಲ್ 78 ಡಿಗ್ರಿಗೇ. ಹಾಗಾಗಿ ರಸ ಕಾಯಿಸಿದಾಗ ಮೊದಮೊದಲು ಏಳುವ ಆವಿಯಲ್ಲಿ ಆಲ್ಕೋಹಾಲ್ ಜಾಸ್ತಿ. ಆ ಆವಿಯನ್ನು ನಳಿಗೆಯಲ್ಲಿ ಹಾಯಿಸಿ ತಣ್ಣಗೆ ಮಾಡಿ ಹಿಡಿದರೆ ಸಿಗುವ ದ್ರವ ಮೂಲ ರಸಕ್ಕಿಂತ ಖಡಕ್ಕಾಗಿರುತ್ತದೆ.

ಗೋವಾದ ಹಳೆ ಪದ್ಧತಿಯ ಭಟ್ಟಿಯಲ್ಲಿ ತಾಮ್ರದ ಹಂಡೆ ಕಟ್ಟಿಗೆ ಒಲೆಯ ಮೇಲಿರುತ್ತದೆ. ಅದರಿಂದ ಒಂದು ನಳಿಗೆ ಪಕ್ಕದ ಮಡಕೆಗೆ ಹೋಗುತ್ತದೆ. ಈ ಮಡಕೆಗೆ ಲಾವ್ಣಿ ಅನ್ನುತ್ತಾರೆ. ಅದನ್ನು ತಂಪಾಗಿಡಲು ಮೇಲೆ ನೀರು ಹೊಯ್ಯುತ್ತಲೇ ಇರಬೇಕು. ಭಟ್ಟಿಗಳು ತೋಡಿನ, ಬಾವಿಯ ಹತ್ತಿರವೇ ಇರುವುದು ಅದಕ್ಕೇ. ಈಗ ಹಲವು ಕಡೆ ಲಾವ್ಣಿಯ ಬದಲು ನೀರಿನ ತೊಟ್ಟಿಯಲ್ಲಿ ಮುಳುಗಿದ ಸುರುಳಿ ಕೊಳವೆ ಬಂದಿದೆ.

ಉರಾಕ್ ಬೇರೆ, ಫೆನಿ ಬೇರೆ

ಮೊದಲ ಸಲ ಇಳಿಸಿದ್ದು ಉರಾಕ್. ಆಲ್ಕೋಹಾಲ್ ಸುಮಾರು 15 ಶೇಕಡಾ. ಹಗುರ, ಹಣ್ಣಿನ ಪರಿಮಳ ಜಾಸ್ತಿ. ಇದಕ್ಕೆ ಇನ್ನಷ್ಟು ಹುಳಿಬಂದ ರಸ ಸೇರಿಸಿ ಎರಡನೇ ಸಲ ಇಳಿಸಿದರೆ ಫೆನಿ. ಅದು 40ರಿಂದ 45 ಶೇಕಡಾ.

ಈ ವ್ಯತ್ಯಾಸದಿಂದಲೇ ಕೊಳ್ಳುವವರು ಗಮನಿಸಬೇಕಾದ ವಿಷಯ ಹುಟ್ಟುತ್ತದೆ. ಫೆನಿ ಕೆಡುವುದಿಲ್ಲ, ಗಾಜಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಉರಾಕ್ ಹಾಗಲ್ಲ. ಅದರ ಕಾಲ ಮಾರ್ಚ್‌ನಿಂದ ಮೇ ಕೊನೆವರೆಗೆ, ಮಳೆ ಹಿಡಿಯುವ ತನಕ. ಇಳಿಸಿದ ಸ್ವಲ್ಪ ದಿನದಲ್ಲೇ ಕುಡಿದರೆ ಚೆನ್ನ, ಇಟ್ಟಷ್ಟೂ ರುಚಿ ಮಂಕು. ದೀಪಾವಳಿಗೆ ಬಂದು ತಾಜಾ ಉರಾಕ್ ಕೊಡಿ ಅಂತ ಕೇಳಿದರೆ ಒಳ್ಳೆಯ ಅಂಗಡಿಯವನು ಇಲ್ಲ ಅನ್ನುತ್ತಾನೆ.

ಹಳಬರು ಫೆನಿಯ ಬಾಟಲಿ ಅಲುಗಾಡಿಸಿ ಏಳುವ ಗುಳ್ಳೆ ನೋಡಿ ಖಡಕ್ಕು ಅಂದಾಜು ಮಾಡುತ್ತಾರೆ. ಅಳತೆ ಹೇಳುವಾಗ ಗ್ರಾವ್ ಎಂಬ ಪೋರ್ಚುಗೀಸ್ ಕಾಲದ ಲೆಕ್ಕ ಬಳಸುತ್ತಾರೆ. ಬಾಟಲಿಯ ಲೇಬಲ್ಲಿನಲ್ಲಿ ಮಾತ್ರ ಸಾಮಾನ್ಯವಾಗಿ 42.8 ಶೇಕಡಾ ಅಂತಿರುತ್ತದೆ. ನಮ್ಮ ದೇಶದ ವಿಸ್ಕಿ, ರಮ್ ಬಾಟಲಿಗಳ ಮೇಲೂ ಇದೇ ಸಂಖ್ಯೆ ಕಾಣುತ್ತದೆ. ಬ್ರಿಟಿಷರ ಹಳೆಯ ಅಳತೆಯಲ್ಲಿ ಅದು 75 ಡಿಗ್ರಿ ಪ್ರೂಫ್. ಅಳತೆ ಹೋಯಿತು, ಸಂಖ್ಯೆ ಉಳಿಯಿತು.

ಆ ವಾಸನೆ ಎಲ್ಲಿಂದ?

"ಫೆನಿ ನಾತ" ಅನ್ನುವುದು ಮೊದಲ ಸಲ ಮೂಸಿದವರೆಲ್ಲರ ದೂರು. ಇದಕ್ಕೆ ಕಾರಣ ಇದೆ. ಅದು ಗೊತ್ತಾದರೆ ಅಂಗಡಿಯ ಕಪಾಟಿನಲ್ಲಿರುವ ಅರ್ಧದಷ್ಟು ಬಾಟಲಿಗಳ ಗುಟ್ಟೂ ಗೊತ್ತಾಗುತ್ತದೆ.

ಭಾರತದಲ್ಲಿ ಮಾರಾಟವಾಗುವ ಸಾಮಾನ್ಯ ವಿಸ್ಕಿ, ರಮ್, ಬ್ರಾಂಡಿಗಳಿಗೆ ಮೂಲ ದ್ರವ ಬಹುಪಾಲು ಒಂದೇ. ಕಬ್ಬಿನ ಕಾಕಂಬಿ ಅಥವಾ ಧಾನ್ಯದಿಂದ ಎತ್ತರದ ಕಂಬಗಳಂಥ ಯಂತ್ರದಲ್ಲಿ ಸುಮಾರು 96 ಶೇಕಡಾವರೆಗೆ ಶುದ್ಧ ಮಾಡಿದ ಆಲ್ಕೋಹಾಲ್ ಅದು. ಅಷ್ಟು ಶುದ್ಧ ಮಾಡಿದಾಗ ಮೂಲದ ವಾಸನೆ, ರುಚಿ ಎಲ್ಲ ಹೋಗುತ್ತದೆ. ಆಮೇಲೆ ನೀರು, ಬಣ್ಣ, ಪರಿಮಳ, ಬೇರೆ ಮದ್ಯ ಸೇರಿಸಿ ಬೇಕಾದ ರೂಪ ಕೊಡುತ್ತಾರೆ.

ಫೆನಿಯ ಹಂಡೆ ಅಷ್ಟು ಶುದ್ಧ ಮಾಡಲಾರದು. ಎರಡು ಸಲ ಇಳಿಸಿದರೂ ಹಣ್ಣಿನ ಪರಿಮಳ ಕೊಡುವ ಅಂಶಗಳು ಆವಿಯ ಜೊತೆ ಬಂದೇ ಬರುತ್ತವೆ. ಅಂದರೆ ಮೂಗಿಗೆ ಹೊಡೆಯುವುದು ಮಾಗಿದ ಗೇರು ಹಣ್ಣೇ. ಅದನ್ನು ಇಷ್ಟಪಡಬೇಕೆಂಬ ಕಾನೂನೇನೂ ಇಲ್ಲ. ಆದರೆ ಒಳ್ಳೆಯ ಫೆನಿಯ ಹಣ್ಣಿನ ವಾಸನೆಗೂ ಕೆಟ್ಟ ಫೆನಿಯ ಸುಟ್ಟ, ಕೊಳೆತ, ಪೇಂಟಿನಂಥ ವಾಸನೆಗೂ ಫರಕು ಇದೆ. ಕೊಳೆತ ಹಣ್ಣು ಹಾಕಿದರೆ, ಉರಿ ಜಾಸ್ತಿಯಾಗಿ ತಳ ಹಿಡಿದರೆ, ಮೊದಲಿಗೆ ಮತ್ತು ಕೊನೆಗೆ ಬರುವ ಒರಟು ಭಾಗವನ್ನು ಬೇರೆ ಮಾಡದಿದ್ದರೆ ಹಾಗಾಗುತ್ತದೆ. ಅಂಗೈಗೆ ಎರಡು ಹನಿ ಹಾಕಿ ಉಜ್ಜಿ, ಒಣಗಿದ ಮೇಲೆ ಮೂಸಿ. ಹಣ್ಣಿನ ಘಮ ಉಳಿದರೆ ಸರಿ.

ಗೋವಾದಲ್ಲಿ ಇತ್ತೀಚೆಗೆ ಹೆಸರು ಮಾಡಿರುವ ಜಿನ್‌ಗಳ ದಾರಿ ಇದಕ್ಕೆ ಉಲ್ಟಾ. ಗ್ರೇಟರ್ ದ್ಯಾನ್ ಬಂದದ್ದು 2017ರಲ್ಲಿ, ಸ್ಟ್ರೇಂಜರ್ ಅಂಡ್ ಸನ್ಸ್ 2018ರಲ್ಲಿ. ಜಿನ್‌ಗೆ ಬೇಕಾದದ್ದು ವಾಸನೆಯಿಲ್ಲದ ಶುದ್ಧ ಆಲ್ಕೋಹಾಲೇ. ಅದರ ಜೊತೆ ಜೂನಿಪರ್ ಕಾಯಿ, ನಿಂಬೆ ಸಿಪ್ಪೆ, ಮಸಾಲೆ ಹಾಕಿ ಮತ್ತೆ ಇಳಿಸುತ್ತಾರೆ. ಪೀಪಾಯಿಯಲ್ಲಿ ವರ್ಷಗಟ್ಟಲೆ ಕಾಯಬೇಕಿಲ್ಲ, ಹಾಗಾಗಿ ಹೊಸಬರಿಗೆ ಇದು ಸಲೀಸು. ಸಿಂಗಲ್ ಮಾಲ್ಟ್ ವಿಸ್ಕಿ ಬೇಕಾದವರಿಗೆ ಪಾಲ್ ಜಾನ್ ಇದೆ. ಇಳಿಸುವುದು ಗೋವಾದಲ್ಲಿ, ಕಂಪನಿ ನಮ್ಮ ಬೆಂಗಳೂರಿನದು. ಗೋವಾದ ಸೆಕೆಗೆ ಪೀಪಾಯಿಯ ವಿಸ್ಕಿ ಬೇಗ ಮಾಗುತ್ತದೆ, ಸ್ಕಾಟ್ಲೆಂಡ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಆವಿಯಾಗಿ ಹೋಗುತ್ತದೆ ಕೂಡ.

'ಕಂಟ್ರಿ' ಹಣೆಪಟ್ಟಿ

ಬಹಳ ಕಾಲ ಅಬಕಾರಿ ಪುಸ್ತಕದಲ್ಲಿ ಫೆನಿ ದೇಶಿ ಮದ್ಯ, ಅಂದರೆ ಕಂಟ್ರಿ ಲಿಕ್ಕರ್. ಈ ವರ್ಗದ ಮದ್ಯವನ್ನು ಇನ್ನೊಂದು ರಾಜ್ಯಕ್ಕೆ ಕಳಿಸಿ ಮಾರುವುದು ಕಷ್ಟ, ಪ್ರತಿ ರಾಜ್ಯವೂ ಅದನ್ನು ಬೇರೆಯೇ ಬಿಗಿಯಲ್ಲಿ ಇಟ್ಟಿದೆ. ಕರ್ನಾಟಕವಂತೂ 2007ರಲ್ಲಿ ಸಾರಾಯಿಯನ್ನೇ ನಿಷೇಧಿಸಿತು. ಹಾಗಾಗಿ ಫೆನಿ ಗೋವಾದೊಳಗೇ ಉಳಿಯಿತು.

2009ರಲ್ಲಿ ಗೇರು ಫೆನಿಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಧಾರವಾಡ ಪೇಡೆ, ಇಳಕಲ್ ಸೀರೆ, ಬ್ಯಾಡಗಿ ಮೆಣಸಿನಕಾಯಿಗೆ ಇರುವುದೂ ಇದೇ. ಗೋವಾದ ಹೊರಗೆ ಇಳಿಸಿದ್ದಕ್ಕೆ ಫೆನಿ ಅಂತ ಹೆಸರಿಟ್ಟು ಮಾರುವ ಹಾಗಿಲ್ಲ. 2016ರಲ್ಲಿ ಗೋವಾ ಸರ್ಕಾರ ಅಬಕಾರಿ ಕಾಯ್ದೆ ತಿದ್ದಿ ಫೆನಿಯನ್ನು ಪಾರಂಪರಿಕ ಪೇಯ ಎಂದು ಕರೆಯಿತು. 2021ರಲ್ಲಿ ಫೆನಿಗೇ ಒಂದು ನೀತಿ ಬಂತು. ಕಝುಲೊದಂಥ ಬ್ರಾಂಡುಗಳು ಚೆಂದದ ಬಾಟಲಿಯಲ್ಲಿ ಕಾಣಿಸಿಕೊಂಡಿರುವುದು ಈ ಗಾಳಿಯಲ್ಲೇ.

ಗ್ಲಾಸಿಗೆ ಬಂದಾಗ

ಉರಾಕ್‌ಗೆ ಗೋವಾದವರ ಸೂತ್ರ ಸರಳ: ಲಿಮ್ಕಾ, ನಿಂಬೆಹಣ್ಣು, ಚಿಟಿಕೆ ಉಪ್ಪು, ಉದ್ದಕ್ಕೆ ಸೀಳಿದ ಒಂದು ಹಸಿಮೆಣಸಿನಕಾಯಿ, ಐಸ್. ಮೆಣಸಿನಕಾಯಿ ಕೈಬಿಡಬೇಡಿ. ಸಿಹಿ ತಗ್ಗಿ ಹಣ್ಣಿನ ಪರಿಮಳ ಮೇಲೆ ಬರುವುದು ಅದರಿಂದಲೇ. ಫೆನಿಗೂ ಇದೇ ನಡೆಯುತ್ತದೆ, ಸೋಡಾ ನಿಂಬೆ ಇನ್ನೂ ಚೆನ್ನ. ಮುರುಗಲು ಶರಬತ್ತಿನ ಜೊತೆಯೂ ಹೊಂದುತ್ತದೆ. ಕೋಲಾ ಬೆರೆಸಿದರೆ ಎರಡೂ ಹಾಳು. ಸೊಗದೆ ಬೇರು ನೆನೆಹಾಕಿದ ಫೆನಿಗೆ ದುಕ್ಷಿರಿ ಅನ್ನುತ್ತಾರೆ. ವಾಸನೆಗೆ ಅಂಜುವವರು ಇದರಿಂದ ಶುರು ಮಾಡಬಹುದು.

ಖಡಕ್ಕಿನ ಲೆಕ್ಕ ಒಂದು ಸಲ ಹಾಕಿಬಿಡೋಣ. 30 ಎಂಎಲ್ ಫೆನಿಯಲ್ಲಿ ಸುಮಾರು 13 ಎಂಎಲ್ ಆಲ್ಕೋಹಾಲ್. 120 ಎಂಎಲ್ ಉರಾಕ್‌ನಲ್ಲಿ 18. ಇನ್ನು 650 ಎಂಎಲ್‌ನ 8 ಶೇಕಡಾ ಸ್ಟ್ರಾಂಗ್ ಬಿಯರ್‌ನಲ್ಲಿ 52. "ನಾನು ಬರೀ ಬಿಯರ್" ಅನ್ನುವವರು ಒಂದು ಬಾಟಲಿಯಲ್ಲಿ ನಾಲ್ಕು ಸಣ್ಣ ಪೆಗ್‌ನಷ್ಟು ಕುಡಿದಿರುತ್ತಾರೆ. ಉರಾಕ್ ಕೂಡ ಶರಬತ್ತಿನ ಹಾಗೆ ಇಳಿಯುತ್ತದೆ, ಎಷ್ಟಾಯಿತೆಂದು ಗೊತ್ತಾಗುವುದು ಎದ್ದು ನಿಂತಾಗ. ಗಾಡಿ ಓಡಿಸುವವರಿಗೆ ಮಿತಿ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ. ಬಾಡಿಗೆ ಸ್ಕೂಟರ್ ಹಿಡಿದು ಬೀಚಿಗೆ ಹೋಗುವವರು ಇದನ್ನು ಮರೆಯುತ್ತಾರೆ. ಮತ್ತೆ, ಫೆನಿ ಕುಡಿದರೆ ಮರುದಿನ ತಲೆ ನೋಯುವುದಿಲ್ಲ, ಶೀತಕ್ಕೆ ಔಷಧಿ ಅನ್ನುವುದೆಲ್ಲ ಸುಮ್ನೆ ಮಾತು. ಯಾವುದೇ ಆಲ್ಕೋಹಾಲ್ ಅತಿಯಾದರೆ ತಲೆ ನೋಯುತ್ತದೆ.

ಎಲ್ಲಿ, ಹೇಗೆ ಕೊಳ್ಳುವುದು

ಲೈಸೆನ್ಸ್ ಇರುವ ಅಂಗಡಿಯಲ್ಲಿ, ಸೀಲ್ ಇರುವ ಬಾಟಲಿ. ಲೇಬಲ್ಲಿನಲ್ಲಿ ಇಳಿಸಿದವರ ಹೆಸರು, ಬ್ಯಾಚ್, ಆಲ್ಕೋಹಾಲ್ ಪ್ರಮಾಣ, ಗೇರಿನದೋ ತೆಂಗಿನದೋ ಅನ್ನುವುದು ನೋಡಿ. ದಾರಿಬದಿಯಲ್ಲಿ ಹಳೆ ನೀರಿನ ಬಾಟಲಿಯಲ್ಲಿ ತುಂಬಿ ಕೊಡುವ 'ಮನೆ ಫೆನಿ' ಒಳ್ಳೆಯದೂ ಇರಬಹುದು, ಸಕ್ಕರೆ ಕದಡಿ ಇಳಿಸಿದ್ದೂ ಇರಬಹುದು. ಹೊರಗಿನವರಿಗೆ ಹೇಳಲು ಬಾರದು. ದೇಶದಲ್ಲಿ ಆಗಾಗ ನಡೆಯುವ ಕಳ್ಳಭಟ್ಟಿ ದುರಂತಗಳಿಗೆ ಮುಖ್ಯ ಕಾರಣ ಕಾರ್ಖಾನೆಯ ಮೆಥನಾಲ್ ಬೆರೆಸುವುದು. ಅದನ್ನು ಮೂಗು, ನಾಲಿಗೆ ಹಿಡಿಯಲಾರವು. ಪರಿಚಯದ ಭಟ್ಟಿಯವರಿದ್ದರೆ ಅದು ಬೇರೆ ಮಾತು.

ಮುಂಬೈ, ಪುಣೆಯವರಿಗೆ ಇನ್ನೊಂದು. ಮೊಬೈಲಿನಲ್ಲಿ ಹುಡುಕಿದಾಗ ಸಿಗುವ 'ಮನೆಗೇ ತಲುಪಿಸುತ್ತೇವೆ' ನಂಬರುಗಳಲ್ಲಿ ಎಷ್ಟೋ ನಕಲಿ. ಅಂಗಡಿಯ ಹೆಸರು ಹೇಳಿ ಮುಂಗಡ ಹಣ, ಆಮೇಲೆ ಒಟಿಪಿ ಕೇಳುತ್ತಾರೆ. ಒಟಿಪಿ ಕೇಳಿದ ಕ್ಷಣ ಫೋನ್ ಇಡಿ.

ಗಡಿ ದಾಟಿದರೆ ಏನು?

ಇಲ್ಲಿ ಸ್ವಲ್ಪ ನಿಧಾನ ಓದಿ, ಜನ ಸಿಕ್ಕಿಬೀಳುವುದು ಇಲ್ಲೇ.

ಸಂವಿಧಾನದ ಪ್ರಕಾರ ಮದ್ಯ ರಾಜ್ಯಗಳ ವಿಷಯ. ಜಿಎಸ್‌ಟಿ 2017ರಲ್ಲಿ ಬಂದಾಗಲೂ ಕುಡಿಯುವ ಮದ್ಯವನ್ನು ಅದರಿಂದ ಹೊರಗಿಟ್ಟರು. ಅಬಕಾರಿ ಸುಂಕ ರಾಜ್ಯಗಳ ದೊಡ್ಡ ಆದಾಯ, ಯಾರೂ ಬಿಟ್ಟುಕೊಡಲು ತಯಾರಿಲ್ಲ. ಪ್ರತಿ ರಾಜ್ಯ ತನಗೆ ಬೇಕಾದಷ್ಟು ಸುಂಕ ಹಾಕುತ್ತದೆ. ಗೋವಾದಲ್ಲಿ ಕಡಿಮೆ, ಕರ್ನಾಟಕ ಮತ್ತು ಮಹಾರಾಷ್ಟ್ರದಲ್ಲಿ ಜಾಸ್ತಿ. 2025ರ ಜೂನ್‌ನಲ್ಲಿ ಮಹಾರಾಷ್ಟ್ರ ಸಂಪುಟ, ಲೀಟರಿಗೆ 260 ರೂಪಾಯಿವರೆಗಿನ ತಯಾರಿಕಾ ವೆಚ್ಚದ ವಿಸ್ಕಿ, ರಮ್‌ನಂಥ ಮದ್ಯದ ಸುಂಕವನ್ನು ಆ ವೆಚ್ಚದ 3 ಪಟ್ಟಿನಿಂದ 4.5 ಪಟ್ಟಿಗೆ ಏರಿಸಲು ಒಪ್ಪಿತು. ಗೋವಾ ಬಾಟಲಿಯ ಆಸೆ ಹೆಚ್ಚುವುದು ಸಹಜವೇ.

ಆದರೆ ಬಾಟಲಿಯ ಮೇಲೆ 'ಗೋವಾದಲ್ಲಿ ಮಾತ್ರ ಮಾರಾಟಕ್ಕೆ' ಅಂತ ಇರುತ್ತದೆ ನೋಡಿ. ಅದು ಗೋವಾಕ್ಕೆ ಸುಂಕ ಕಟ್ಟಿದ ಮಾಲು. ಕಾರವಾರದ ಹತ್ತಿರದ ಗಡಿ ಚೆಕ್‌ಪೋಸ್ಟ್ ಮಾಜಾಳಿ ದಾಟಿದ ಕೂಡಲೇ ಕರ್ನಾಟಕದ ಲೆಕ್ಕದಲ್ಲಿ ಸುಂಕ ಕಟ್ಟದ ಮಾಲು. ನೀವು ಬಿಲ್ಲು ತೋರಿಸಿದರೂ ಆ ಬಿಲ್ಲು ಗೋವಾದ್ದು. ಪರ್ಮಿಟ್ ಇಲ್ಲದೆ ತಂದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಕೇಸು ಆಗಬಹುದು, ಗಾಡಿಯನ್ನೂ ಹಿಡಿದಿಟ್ಟುಕೊಳ್ಳಬಹುದು. ಮಾಜಾಳಿಯಲ್ಲಿ ಗೋವಾ ಮದ್ಯ ವಶ ಅನ್ನುವುದು ಕಾರವಾರದ ಪತ್ರಿಕೆ ಓದುವವರಿಗೆ ಹೊಸ ಸುದ್ದಿಯೇ ಅಲ್ಲ. ಅನಮೋಡ ಘಾಟು, ಚೋರ್ಲಾ ಘಾಟಿನ ದಾರಿಯಲ್ಲೂ ತಪಾಸಣೆ ಇರುತ್ತದೆ. ಬಸ್ಸಿನಲ್ಲಿ ಬಂದರೂ ಚೀಲ ಬಿಚ್ಚಿಸುತ್ತಾರೆ.

ಮಹಾರಾಷ್ಟ್ರದ ಕಡೆಗೂ ಹೀಗೆಯೇ, ಜೊತೆಗೆ ಇನ್ನೊಂದು ಗಂಟು. ಅಲ್ಲಿ ಈಗಲೂ ನಡೆಯುತ್ತಿರುವುದು 1949ರ ಪಾನನಿಷೇಧ ಕಾಯ್ದೆ. ಕುಡಿಯಲು, ಕೊಳ್ಳಲು, ಮನೆಯಲ್ಲಿ ಇಟ್ಟುಕೊಳ್ಳಲು ಪರ್ಮಿಟ್ ಬೇಕು. ಒಂದು ದಿನದ ಪರ್ಮಿಟ್‌ಗೆ 5 ರೂಪಾಯಿ, ವರ್ಷದ್ದಕ್ಕೆ 100, ಆಜೀವ ಪರ್ಮಿಟ್‌ಗೆ 1,000. ಪುಣೆಯಲ್ಲಿ ವರ್ಷಗಟ್ಟಲೆ ಇದ್ದವರಲ್ಲೂ ಎಷ್ಟೋ ಜನ ಇದನ್ನು ಮಾಡಿಸಿರುವುದಿಲ್ಲ, ಬಾರಿನಲ್ಲಿ ಯಾರೂ ಕೇಳುವುದಿಲ್ಲ ಅಂತ. ಪೊಲೀಸರು ಕೇಳಿದ ದಿನ ಗೊತ್ತಾಗುತ್ತದೆ. ವಯಸ್ಸಿನ ಲೆಕ್ಕವೂ ಬೇರೆ. ಗೋವಾದಲ್ಲಿ 18. ಮಹಾರಾಷ್ಟ್ರದಲ್ಲಿ ವೈನ್, ಮೈಲ್ಡ್ ಬಿಯರ್‌ಗೆ 21, ಖಡಕ್ ಮದ್ಯಕ್ಕೆ 25.

ವಿಮಾನದಲ್ಲಿ? ವಿಮಾನದ ನಿಯಮ ಸುರಕ್ಷತೆಗೆ ಸಂಬಂಧಿಸಿದ್ದು. 24ರಿಂದ 70 ಶೇಕಡಾ ಆಲ್ಕೋಹಾಲ್ ಇರುವ ಸೀಲ್ ಬಾಟಲಿಗಳನ್ನು ಒಬ್ಬರು 5 ಲೀಟರ್‌ವರೆಗೆ ಚೆಕ್-ಇನ್ ಸಾಮಾನಿನಲ್ಲಿ ಹಾಕಬಹುದು. ಇದನ್ನೇ ಹಿಡಿದುಕೊಂಡು 'ವಿಮಾನದಲ್ಲಿ ಐದು ಲೀಟರ್ ಬಿಡುತ್ತಾರೆ' ಅನ್ನುವವರು ಬಹಳ. ಬಿಡುವುದು ವಿಮಾನದ ಕಂಪನಿ. ಇಳಿಯುವ ರಾಜ್ಯದ ಅಬಕಾರಿ ಕಾನೂನು ಹಾಗೆಯೇ ಇರುತ್ತದೆ. ಅಹಮದಾಬಾದ್‌ಗೋ ಪಾಟ್ನಾಕ್ಕೋ ಹೋಗುವವರಿಗಂತೂ ಅದು ನಿಷೇಧ ಇರುವ ರಾಜ್ಯ.

ಒಯ್ಯಲೇಬೇಕೆಂದಿದ್ದರೆ ಹೊರಡುವ ಮುಂಚೆ, ತಲುಪುವ ರಾಜ್ಯದ ಅಬಕಾರಿ ಕಚೇರಿಯಲ್ಲಿ ಪರ್ಮಿಟ್ ವಿಚಾರಿಸಿ. ಅಂಗಡಿಯವನ "ಎರಡು ಬಾಟಲಿಗೆ ಏನೂ ಆಗಲ್ಲ ಸಾರ್" ಮಾತು ಚೆಕ್‌ಪೋಸ್ಟ್‌ನಲ್ಲಿ ನಡೆಯುವುದಿಲ್ಲ.

ಯಾರಿಗೆ ಏನು ಕೊಡುವುದು

ಗೋವಾದಲ್ಲೇ ಇರುವ ಗೆಳೆಯರ ಮನೆಗೆ ಹೋಗುವುದಾದರೆ ಫೆನಿ ಒಳ್ಳೆಯ ಉಡುಗೊರೆ. ಆದರೆ ಮೊದಲು ಅವರು ಕುಡಿಯುತ್ತಾರಾ ಅಂತ ತಿಳಿದುಕೊಳ್ಳಿ, ಹಿರಿಯರ ಎದುರು ಕೊಡಬೇಡಿ. ನಮ್ಮ ಎಷ್ಟೋ ಮನೆಗಳಲ್ಲಿ ಮಗ ಕುಡಿಯುವುದು ಅಪ್ಪನಿಗೆ ಗೊತ್ತು, ಗೊತ್ತಿದೆ ಅಂತ ಮಗನಿಗೂ ಗೊತ್ತು, ಆದರೂ ಬಾಟಲಿ ಟೀಪಾಯಿ ಮೇಲೆ ಬರುವುದಿಲ್ಲ. ಮೊದಲ ಸಲ ಕುಡಿಯುವವರಿಗೆ ದೊಡ್ಡ ಬಾಟಲಿ ಬೇಡ, 180 ಎಂಎಲ್ ಸಿಕ್ಕರೆ ಸಾಕು. ಜಿನ್ ಇಷ್ಟಪಡುವವರಿಗೆ ಫೆನಿ ಹಿಡಿಸಬಹುದು, ವಿಸ್ಕಿಯವರಿಗೆ ಹಿಡಿಸುವುದು ಕಮ್ಮಿ.

ಪುಣೆಯಲ್ಲಿರುವವರಿಗೆ ಪುಣೆಯದನ್ನೇ ಕೊಡಬಹುದು. ಮಹಾರಾಷ್ಟ್ರದ ಮೊದಲ ಮೈಕ್ರೋಬ್ರೂವರಿ, ಅಂದರೆ ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸುವ ಜಾಗ, ಡೂಲಾಲಿ 2009ರಲ್ಲಿ ಶುರುವಾದದ್ದು ಅಲ್ಲೇ. ಅಲ್ಲಿ ತಯಾರಾಗುವ ಕ್ರಾಫ್ಟ್ ಬಿಯರ್ ತಾಜಾ ಇರುವಾಗಲೇ ಚೆನ್ನ, ಆದ್ದರಿಂದ ಬಾಟಲಿ ಹೊತ್ತು ಕೊಡುವುದಕ್ಕಿಂತ ಅವರನ್ನೇ ಕರೆದುಕೊಂಡು ಹೋಗಿ ಕುಡಿಸುವುದು ಲೇಸು. ಮುಂಬೈಯವರಿಗೆ ನಾಶಿಕ್ ವೈನ್. ಅದಕ್ಕೂ ಜಿಐ ಟ್ಯಾಗ್ ಇದೆ, ಮಹಾರಾಷ್ಟ್ರದ ಸುಂಕ ಕಟ್ಟಿರುತ್ತದೆ, ಗಡಿಯ ತಂಟೆಯಿಲ್ಲ.

ಕರ್ನಾಟಕದ ಭಾವನಿಗೆ? ಗೋವಾದಲ್ಲೇ ಕೂರಿಸಿ ಉರಾಕ್ ಕುಡಿಸಿ ಕಳಿಸಿ, ಚೀಲಕ್ಕೆ ಹುರಿದ ಗೋಡಂಬಿ, ಗೋವಾದ ಪದರ ಪದರದ ಸಿಹಿ ಬೆಬಿಂಕಾ ಹಾಕಿ. ನಿಮ್ಮ ಮನೆಯಲ್ಲೇ ಫೆನಿ ಉಳಿದರೆ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ, ಬಿಸಿಲು ಬೀಳದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಅಡ್ಡ ಮಲಗಿಸಿದರೆ ಮುಚ್ಚಳದ ಕಾರ್ಕು ಹಾಳಾಗುತ್ತಾ ಬಂದು ಸೋರುತ್ತದೆ, ಆಮೇಲೆ ಕಪಾಟಿನಲ್ಲಿರುವ ಬಟ್ಟೆಯೆಲ್ಲ ಗೇರು ಹಣ್ಣಿನ ಘಮ.